ಸಾಹಿತ್ಯ: ಜಾನಪದ

ನನ್ನ ಸೋದರಮಾವನ ಕ್ಯಾಸೆಟ್ ಅಂಗಡಿ ಧಾರವಾಡದ ಬಸ್ ಸ್ಟ್ಯಾಂಡಿನಿಂದ ಕೂಗಳತೆಯಲ್ಲಿತ್ತು. ಶಟರ್ ಎತ್ತಿದರೆ ಎದುರಿಗೇ ಗೋಡೆ. ಒಳಗೆ ಮಾಮಾ ಕೂತರೆ ನಾನು ಹೊರಗೆ ಮೆಟ್ಟಿಲ ಮೇಲೆ. ಸಾಲಿ ಸೂಟಿಯಲ್ಲಿ ಕ್ಯಾಸೆಟ್ ತುಂಬಿಸುವುದು ನನ್ನ ಕೆಲಸ. ಗಿರಾಕಿ ಚೀಟಿಯಲ್ಲಿ ಹಾಡಿನ ಪಟ್ಟಿ ಬರೆದು ಕೊಡುತ್ತಿದ್ದ. ಅರವತ್ತು ನಿಮಿಷದ ಖಾಲಿ ಕ್ಯಾಸೆಟ್ಟಿಗೆ ಒಂದೊಂದೇ ಹಾಡು ಹತ್ತಿಸಿ, ಒಳಗಿನ ಕಾರ್ಡಿನ ಮೇಲೆ ಬಾಲ್ ಪೆನ್ನಿನಿಂದ ಹೆಸರು ಬರೆದು ಕೊಡಬೇಕು. ಕಂಪನಿ ಕ್ಯಾಸೆಟ್ಟುಗಳ ಕಾರ್ಡು ಓದಿ ಓದಿ ನನಗೆ ಅರ್ಧ ಚಿತ್ರರಂಗ ಬಾಯಿಪಾಠವಾಗಿತ್ತು. ಸಾಹಿತ್ಯ ಇಂಥವರು, ಸಂಗೀತ ಇಂಥವರು, ಗಾಯನ ಇಂಥವರು. ಇವರೆಲ್ಲರಿಗಿಂತ ಹೆಚ್ಚು ಹಾಡು ಬರೆದವನು ಇನ್ನೊಬ್ಬನಿದ್ದ. ಸೋಬಾನೆ ಪದಕ್ಕೂ ಅವನೇ, ಬೀಸುವ ಪದಕ್ಕೂ ಅವನೇ, ನಡುನಡುವೆ ಸಿನಿಮಾಕ್ಕೂ ಅವನೇ. ‘ಸಾಹಿತ್ಯ: ಜಾನಪದ’. ಇಷ್ಟೆಲ್ಲ ಬರೆದ ಈ ಜಾನಪದ ಎಂಬಾತ ಯಾವ ಊರಿನವನಿರಬಹುದು ಅಂತ ಒಂದು ದಿನ ಮಾಮಾನನ್ನು ಕೇಳಿಬಿಟ್ಟೆ. ವಾರಗಟ್ಟಲೆ ಅಂಗಡಿಗೆ ಬಂದವರಿಗೆಲ್ಲ ಹೇಳಿಕೊಂಡು ನಕ್ಕ.

ಆ ಕವಿ ಮತ್ತೆ ನೆನಪಾದದ್ದು 2012ರಲ್ಲಿ, ಕ್ಯಾಲಿಫೋರ್ನಿಯಾದ ಎಲ್ ಸೆರಿಟೊದಲ್ಲಿ. ಕೆಲಸ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ. ಅಲ್ಲಿನ ಬಾಡಿಗೆ ನಮ್ಮಂಥವರಿಗೆ ಎಟುಕುವುದಲ್ಲ ಅಂತ ಕೊಲ್ಲಿಯ ಈಚೆ ದಡದಲ್ಲಿ ಮನೆ ಮಾಡಿದ್ದೆ. ಶನಿವಾರ ಸಾಮಾನು ತರಲು ಸ್ಯಾನ್ ಪಾಬ್ಲೊ ಅವೆನ್ಯೂದಲ್ಲಿ ನಡೆದು ಹೋಗುವಾಗ ‘ಡೌನ್ ಹೋಮ್ ಮ್ಯೂಸಿಕ್’ ಎಂಬ ಬೋರ್ಡು ಕಣ್ಣಿಗೆ ಬೀಳುತ್ತಿತ್ತು. ರೆಕಾರ್ಡ್ ಅಂಗಡಿ ಅಂದಮೇಲೆ ನನ್ನ ಕಾಲು ತಾನಾಗಿಯೇ ಒಳಗೆ ಹೋಗುತ್ತದೆ, ಅದು ಮನೆತನದ ರೋಗ. ಮೊದಲ ಸಲ ಒಂದು ಸಿಡಿ ಕೊಂಡೆ, ಬರೀ ಮುಖಪುಟದ ಮುದುಕನ ಮುಖ ನೋಡಿ. ಮನೆಗೆ ಬಂದು ಹಾಡು ಹಚ್ಚುವ ಮೊದಲು ಹಳೆಯ ಚಾಳಿಯಂತೆ ಒಳಗಿನ ಪುಸ್ತಿಕೆ ಬಿಡಿಸಿದೆ. ಹಾಡಿದವನು ಮ್ಯಾನ್ಸ್ ಲಿಪ್ಸ್‌ಕಂ. ಊರು ಟೆಕ್ಸಸ್‌ನ ನವಸೋಟ. ಧ್ವನಿಮುದ್ರಣ ನಡೆದದ್ದು 1960ರಲ್ಲಿ, ಅವನದೇ ಮನೆಯಲ್ಲಿ. ಯಾರು ಟೇಪು ಮಾಡಿದರು, ಈತ ಹೊಟ್ಟೆಪಾಡಿಗೆ ಏನು ಮಾಡುತ್ತಿದ್ದ, ಯಾವ ಹಾಡು ಎಲ್ಲಿಂದ ಬಂತು, ಎಲ್ಲ ಇತ್ತು. ಹಾಡಿದ್ದು ಬಹುಪಾಲು ಅವರ ಜಾನಪದವೇ. ಆದರೆ ಆ ಕವಿ ಎಲ್ಲೂ ಇರಲಿಲ್ಲ.

ಆ ಸಿಡಿ ‘ಅರ್ಹೂಲಿ ರೆಕಾರ್ಡ್ಸ್’ನದು. ಕಂಪನಿ ಕಟ್ಟಿದವನು ಕ್ರಿಸ್ ಸ್ಟ್ರಾಕ್‌ವಿಟ್ಸ್. ಆ ಅಂಗಡಿಯೂ ಅವನದೇ, 1976ರಲ್ಲಿ ತೆರೆದದ್ದು.

ಹುಟ್ಟಿನಿಂದ ಅವನಿಗೂ ಅಮೆರಿಕದ ಕರಿಯ ಜನರ ಹಾಡಾದ ಬ್ಲೂಸ್‌ಗೂ ಯಾವ ಸಂಬಂಧವೂ ಇಲ್ಲ. 1931ರಲ್ಲಿ ಹುಟ್ಟಿದ ಜರ್ಮನ್. ಈಗ ಪೋಲೆಂಡಿಗೆ ಸೇರಿರುವ ಸಿಲೇಸಿಯಾದಲ್ಲಿ ಮನೆತನದ ಜಮೀನು, ಹೆಸರಿನ ಜೊತೆ ಕೌಂಟ್ ಪದವಿ. 1945ರಲ್ಲಿ ಸೋವಿಯತ್ ಸೈನ್ಯ ಹತ್ತಿರವಾಗುತ್ತಿದ್ದಂತೆ ಮನೆಮಂದಿಯೆಲ್ಲ ಇದ್ದದ್ದನ್ನು ಇದ್ದಲ್ಲೇ ಬಿಟ್ಟು ಓಡಿದರು. 1947ರಲ್ಲಿ ಅಮೆರಿಕ ಸೇರಿದಾಗ ಹುಡುಗನಿಗೆ ಹದಿನಾರು. ಹೊಸ ಭಾಷೆ, ಹೊಸ ಶಾಲೆ, ಸಹಪಾಠಿಗಳ ನಗೆ. ಜೊತೆಗಿದ್ದದ್ದು ರೇಡಿಯೊ. ಕರಿಯ ಜನರ ಸಂಗೀತ ಹಾಕುವ ಸ್ಟೇಷನ್ನುಗಳನ್ನು ಹುಡುಕಿ ಹುಡುಕಿ ಕೇಳಿದ. ಬರ್ಕ್‌ಲಿಯಲ್ಲಿ ಓದಿ, ನಡುವೆ ಸೈನ್ಯದ ಚಾಕರಿ ಮುಗಿಸಿ, ಕೊನೆಗೆ ಹೈಸ್ಕೂಲ್ ಮಾಸ್ತರನಾದ. ಜರ್ಮನ್ ಕಲಿಸುತ್ತಿದ್ದ. ಬಿಡುವಿನಲ್ಲಿ ಹಳೆಯ 78 ವೇಗದ ಗ್ರಾಮಫೋನ್ ತಟ್ಟೆಗಳನ್ನು ಕೊಂಡು ಅಂಚೆಯಲ್ಲಿ ಮಾರುತ್ತಿದ್ದ.

ಮಾಸ್ತರನಿಗೆ ರೇಡಿಯೊದಲ್ಲಿ ಕೇಳಿದ ಒಂದು ದನಿ ತಲೆಯಲ್ಲಿ ಕೂತುಬಿಟ್ಟಿತ್ತು: ಲೈಟ್ನಿನ್ ಹಾಪ್ಕಿನ್ಸ್. 1959ರ ಬೇಸಿಗೆ ರಜೆಯಲ್ಲಿ ಅವನನ್ನು ಹುಡುಕಿಕೊಂಡು ಟೆಕ್ಸಸ್‌ನ ಹ್ಯೂಸ್ಟನ್‌ಗೆ ಹೋದ. ಒಂದು ಸಣ್ಣ ಬಿಯರ್ ಅಂಗಡಿಯಲ್ಲಿ ಹಾಪ್ಕಿನ್ಸ್ ಹಾಡುತ್ತಿದ್ದ. ಬರೆದಿಟ್ಟ ಹಾಡಲ್ಲ. ಆ ದಿನ ಸುರಿದ ಮಳೆ, ತನ್ನ ಮೈಕೈ ನೋವು, ಎದುರಿಗೆ ನಿಂತ ಹೆಂಗಸು, ಕಣ್ಣಿಗೆ ಬಿದ್ದದ್ದೆಲ್ಲ ಅಲ್ಲೇ ಪದವಾಗುತ್ತಿತ್ತು. ಕ್ಯಾಲಿಫೋರ್ನಿಯಾದಿಂದ ತನ್ನ ಹಾಡು ಕೇಳಲೆಂದೇ ಬಂದ ಈ ಬಿಳಿಯನ ಮೇಲೂ ಒಂದು ಸಾಲು ಹೊಸೆದ. ಗೀಗೀ ಮೇಳದವರು ಎದುರಿಗೆ ಕೂತ ಗೌಡರನ್ನು ಹಿಡಿದು ಹಾಡುವುದನ್ನು ಕೇಳಿದವರಿಗೆ ಇದು ಹೊಸದಲ್ಲ. ಕ್ರಿಸ್‌ಗೆ ಹೊಸದು. ಇಂಥ ರಾತ್ರಿಯನ್ನು ಯಾರೂ ತಟ್ಟೆಗೆ ಇಳಿಸಿಲ್ಲವಲ್ಲ ಅನ್ನಿಸಿತು. ಕಂಪನಿ ಹುಟ್ಟಿದ್ದು ಅಲ್ಲಿ.

ಮರುವರ್ಷ ಟೇಪ್ ರೆಕಾರ್ಡರ್ ಹೊತ್ತುಕೊಂಡು ಬಂದರೆ ಹಾಪ್ಕಿನ್ಸ್ ಊರಿನಲ್ಲೇ ಇಲ್ಲ, ಕ್ಯಾಲಿಫೋರ್ನಿಯಾಕ್ಕೆ ಹೋಗಿದ್ದಾನೆ! ಆಗ ಹ್ಯೂಸ್ಟನ್ನಿನ ಜಾನಪದ ಸಂಗ್ರಾಹಕ ಮ್ಯಾಕ್ ಮೆಕಾರ್ಮಿಕ್ ಜೊತೆ ಸೇರಿ ಹಳ್ಳಿಗಳ ಕಡೆ ಕಾರು ತಿರುಗಿಸಿದರು. ಟಾಮ್ ಮೂರ್ ಅಂತ ಆ ಸೀಮೆಯ ದೊಡ್ಡ ಜಮೀನ್ದಾರ. ಅವನ ಹೊಲದಲ್ಲಿ ದುಡಿದವರ ಪಾಡಿನ ಮೇಲೆ ಒಂದು ಹಾಡು ಬಾಯಿಂದ ಬಾಯಿಗೆ ಓಡಾಡುತ್ತಿತ್ತು. ಅದರ ಜಾಡು ಹಿಡಿದು ನವಸೋಟಕ್ಕೆ ಬಂದು, ಈ ಊರಲ್ಲಿ ಗಿಟಾರ್ ಚೆನ್ನಾಗಿ ನುಡಿಸುವವರು ಯಾರು ಅಂತ ಕೇಳುತ್ತ ಹೋದರೆ ಎಲ್ಲರ ಬೆರಳೂ ಒಂದೇ ಮನೆಯತ್ತ. ಮನೆಯಲ್ಲಿ ಮ್ಯಾನ್ಸ್ ಇಲ್ಲ. ಹೆದ್ದಾರಿ ಪಕ್ಕದ ಹುಲ್ಲು ಕತ್ತರಿಸುವ ಕೂಲಿಗೆ ಹೋಗಿದ್ದಾನೆ. ಕಾದರು.

ಬಂದವನಿಗೆ ಅರವತ್ತೈದು ವಯಸ್ಸು. ಅಪ್ಪ ಗುಲಾಮನಾಗಿ ಹುಟ್ಟಿದವನು, ಪಿಟೀಲು ಬಾರಿಸುತ್ತಿದ್ದವನು. ಈತ ಜೀವಮಾನವೆಲ್ಲ ಬೇರೆಯವರ ಹೊಲವನ್ನು ಪಾಲಿಗೆ ಮಾಡಿದವನು, ಶನಿವಾರ ರಾತ್ರಿಯ ಕುಣಿತಕ್ಕೆ ಗಿಟಾರ್ ಹಿಡಿಯುತ್ತಿದ್ದವನು. ತನ್ನನ್ನು ಬ್ಲೂಸ್ ಹಾಡುಗಾರ ಅಂತ ಕರೆದುಕೊಳ್ಳುತ್ತಿರಲಿಲ್ಲ, ‘ಸಾಂಗ್‌ಸ್ಟರ್’ ಅನ್ನುತ್ತಿದ್ದ. ಕುಣಿತದ್ದು, ದೇವರದ್ದು, ಕಥೆಯದ್ದು, ಏನು ಕೇಳಿದರೂ ಹಾಡುವವನು ಅಂತ ಅರ್ಥ. ಹುಲ್ಲು ಕೊಯ್ದು ಬಂದ ಆ ಸಂಜೆಯೇ ಮನೆಯೊಳಗೆ ಮೈಕು ಇಟ್ಟು ಟೇಪು ಓಡಿಸಿದರು. ನಾನು ಆ ಸಿಡಿಯನ್ನು ಹೆಡ್‌ಫೋನಿನಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಹೆಬ್ಬೆರಳು ಕೆಳತಂತಿಯ ಮೇಲೆ ಗಾಣದ ಎತ್ತಿನ ಹಾಗೆ ಒಂದೇ ಸಮ ನಡೆಯುತ್ತದೆ, ಮೇಲೆ ಉಳಿದ ಬೆರಳುಗಳು ತಮ್ಮಷ್ಟಕ್ಕೆ ತಾವು ಮಾತಾಡಿಕೊಳ್ಳುತ್ತವೆ. ದನಿ ಏರುವುದೇ ಇಲ್ಲ. ಜಮೀನು ಕಳೆದುಕೊಂಡ ಜಮೀನ್ದಾರನ ಮಗ ಜಮೀನೇ ಇಲ್ಲದವನ ಮನೆಯಲ್ಲಿ ಕೂತು ಟೇಪಿನ ಚಕ್ರ ನೋಡುತ್ತಿದ್ದ ಆ ಸಂಜೆಯನ್ನು ನಾನು ಆಗಾಗ ಕಲ್ಪಿಸಿಕೊಳ್ಳುತ್ತೇನೆ. ಸೆಕೆ ಇದ್ದಿರಲೇಬೇಕು, ಟೆಕ್ಸಸ್‌ನ ಬೇಸಿಗೆ.

ಅದೇ 1960ರ ನವೆಂಬರಿನಲ್ಲಿ ಎಲ್‌ಪಿ ಆಯಿತು. ಅಚ್ಚಾದದ್ದು 250 ಪ್ರತಿ. ಕವರುಗಳನ್ನು ಗೆಳೆಯರ ಜೊತೆ ಕೂತು ಕೈಯಿಂದಲೇ ಅಂಟಿಸಿದರು. ಕಂಪನಿಯ ಹೆಸರು ಮೆಕಾರ್ಮಿಕ್ ಸೂಚಿಸಿದ್ದು. ಹತ್ತಿ ಹೊಲದಲ್ಲಿ ಒಂಟಿಯಾಗಿ ದುಡಿಯುವವನು ಗಂಟಲೆತ್ತಿ ಎಳೆದು ಕೂಗುವ ಪದಕ್ಕೆ ‘ಹಾಲರ್’ ಅನ್ನುತ್ತಾರೆ. ಅದಕ್ಕೇ ಇನ್ನೊಂದು ಹೆಸರು ಅರ್ಹೂಲಿ. ಓದಿದ ಕೂಡಲೇ ನನಗೆ ಹಂತಿ ಪದ ನೆನಪಾಯಿತು. ಕಣದ ನಡುವೆ ಮೇಟಿ, ಸುತ್ತ ತುಳಿಯುವ ಎತ್ತುಗಳು, ಎತ್ತಿಗೂ ಮನುಷ್ಯರಿಗೂ ನಿದ್ದೆ ಹತ್ತಬಾರದು ಅಂತ ರಾತ್ರಿಯೆಲ್ಲ ಹಾಡು. ನಮ್ಮಲ್ಲಿ ಗುಂಪು, ಅಲ್ಲಿ ಒಂಟಿ. ಅವರದು ಗುಲಾಮಗಿರಿಯ ನೆರಳು, ನಮ್ಮದು ಸುಗ್ಗಿ. ಒಂದೇ ಅಂತ ಹೇಳಿದರೆ ಸುಳ್ಳಾದೀತು. ಆದರೂ ಹಂತಿ ಪದದ ಹೆಸರಿನಲ್ಲಿ ಯಾರಾದರೂ ರೆಕಾರ್ಡ್ ಕಂಪನಿ ಶುರು ಮಾಡಿದ್ದರೆ ಹೇಗಿರುತ್ತಿತ್ತು ಅನ್ನುವ ಯೋಚನೆ ಬಿಡಲಿಲ್ಲ.

ಕಂಪನಿ ಅಂದರೆ ರೊಕ್ಕ. ಈ ಭಾಗವನ್ನು ಸಂಗೀತದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಹಾರಿಸಿಬಿಡುತ್ತಾರೆ. ಅಂಗಡಿಯವನ ಅಳಿಯನಾದ ನನಗೆ ಹಾರಿಸಲು ಮನಸ್ಸಿಲ್ಲ. 250 ಪ್ರತಿ ಮಾರಿ ಯಾರೂ ಬದುಕುವುದಿಲ್ಲ. 1962ರವರೆಗೂ ಕ್ರಿಸ್ ಶಾಲೆಯ ಸಂಬಳ ನಂಬಿಕೊಂಡೇ ಇದ್ದ. ಹಾಪ್ಕಿನ್ಸ್‌ನಂಥವರಿಗೆ ರಾಯಲ್ಟಿ ಎಂಬ ಮಾತಿನ ಮೇಲೆ ನಂಬಿಕೆಯೇ ಇರಲಿಲ್ಲ. ಹಾಡಿಗೆ ಇಷ್ಟು ಅಂತ ನಗದು ಕೈಗೆ ಬಿದ್ದರೆ ಗಿಟಾರ್ ಎತ್ತುತ್ತಿದ್ದ. ಎಷ್ಟೋ ಕಂಪನಿಗಳ ಕೈಯಲ್ಲಿ ಮೋಸ ಹೋದ ಕಾಲದ ಬುದ್ಧಿ ಅದು, ತಪ್ಪು ಅನ್ನುವಂತಿಲ್ಲ. ಹಾಗಿರುವಾಗ ಅರ್ಹೂಲಿಯನ್ನು ಉಳಿಸಿದ ಹಣ ಬಂದದ್ದು ಬ್ಲೂಸ್‌ನಿಂದಲ್ಲ ಎಂಬುದೇ ತಮಾಷೆ.

1965ರಲ್ಲಿ ಬರ್ಕ್‌ಲಿಯ ಒಂದಷ್ಟು ಹುಡುಗರು ಅವನ ಮನೆಗೆ ಬಂದರು. ವಿಯೆಟ್ನಾಂ ಯುದ್ಧದ ವಿರುದ್ಧ ಹಾಡು ಕಟ್ಟಿದ್ದಾರೆ, ಪ್ರತಿಭಟನೆಯಲ್ಲಿ ಮಾರಲು ಒಂದು ಸಣ್ಣ ತಟ್ಟೆ ಬೇಕು. ಗುಂಪಿನ ಮುಂದಾಳು ಜೋ ಮೆಕ್‌ಡೊನಾಲ್ಡ್. ಕ್ರಿಸ್ ಹಾಲಿನಲ್ಲಿ ಮೇಲಿನಿಂದ ಒಂದೇ ಒಂದು ಮೈಕು ಇಳಿಬಿಟ್ಟು ಟೇಪು ಮಾಡಿಕೊಟ್ಟ. ಎಷ್ಟು ಕೊಡಬೇಕು ಅಂತ ಕೇಳಿದಾಗ, ಏನೂ ಬೇಡ, ಹಾಡಿನ ಪ್ರಕಾಶನದ ಹಕ್ಕು ನನಗಿರಲಿ ಅಂದ. ಹುಡುಗರು ಒಪ್ಪಿದರು. ಅವತ್ತಿಗೆ ಅದಕ್ಕೆ ಕಾಸಿನ ಬೆಲೆ ಇರಲಿಲ್ಲ. ನಾಲ್ಕು ವರ್ಷದ ಮೇಲೆ, 1969ರ ವುಡ್‌ಸ್ಟಾಕ್ ಸಂಗೀತ ಉತ್ಸವದಲ್ಲಿ ಜೋ ಒಬ್ಬನೇ ವೇದಿಕೆ ಹತ್ತಿ ಅದೇ ಹಾಡು ಹಾಡಿದ, ಲಕ್ಷಾಂತರ ಜನ ದನಿಗೂಡಿಸಿದರು. ಮರುವರ್ಷ ಅದರ ಸಿನಿಮಾ ಬಂತು, ಧ್ವನಿಸುರುಳಿ ಬಂತು. ಹರಿದು ಬಂದ ರಾಯಲ್ಟಿಯಿಂದ ಕ್ರಿಸ್ ಎಲ್ ಸೆರಿಟೊದಲ್ಲಿ ಕಟ್ಟಡ ಕೊಳ್ಳಲು ಮುಂಗಡ ಕಟ್ಟಿದ. ನಾನು ಸಿಡಿ ಕೊಂಡದ್ದು ಆ ಕಟ್ಟಡದಲ್ಲಿ.

ಇದನ್ನು ಓದಿದಾಗ ಮೊದಲು ಸ್ವಲ್ಪ ಮುಖ ಸಿಂಡರಿಸಿದೆ. ಒಂದು ಮಧ್ಯಾಹ್ನದ ಕೆಲಸಕ್ಕೆ ಹಾಡಿನ ಹಕ್ಕು ಬರೆಸಿಕೊಳ್ಳುವುದು ಯಾವ ನ್ಯಾಯ? ಪ್ರಕಾಶಕನಿಗೆ ಸಾಮಾನ್ಯವಾಗಿ ಅರ್ಧ ಪಾಲು. ಪಾಲಿಗೆ ಹೊಲ ಮಾಡುವುದರ ಲೆಕ್ಕವೂ ಹೀಗೇ ತಾನೆ ಇರುತ್ತದೆ? ಹಾಗೆ ಅಂದುಕೊಂಡೇ ಮುಂದೆ ಓದಿದೆ. ಮುಂದೆ ಸಿಕ್ಕಿದ್ದು ಫ್ರೆಡ್ ಮೆಕ್‌ಡೊವೆಲ್ ವಿಷಯ.

ಮೆಕ್‌ಡೊವೆಲ್ ಮಿಸಿಸಿಪ್ಪಿಯ ಕೋಮೊ ಎಂಬ ಊರಿನ ರೈತ. ಬೆರಳಿಗೆ ಗಾಜಿನ ಕೊಳವೆ ಹಾಕಿ ಗಿಟಾರ್ ತಂತಿಯ ಮೇಲೆ ಜಾರಿಸುತ್ತಿದ್ದ, ಕೆಲವೊಮ್ಮೆ ಸಾಲನ್ನು ಅರ್ಧಕ್ಕೆ ಬಿಟ್ಟು ಉಳಿದದ್ದನ್ನು ಗಿಟಾರಿನಿಂದಲೇ ಹೇಳಿಸುತ್ತಿದ್ದ. ಕ್ರಿಸ್ 1964ರಲ್ಲಿ ಅವನನ್ನು ಹುಡುಕಿ ಹೋಗಿ ಟೇಪು ಮಾಡಿದ, ಮರುವರ್ಷ ಇನ್ನಷ್ಟು. ಅದರಲ್ಲಿ ಚರ್ಚಿನ ಒಂದು ಹಳೆಯ ಹಾಡು. ದೇವರು ತಯಾರಾದಾಗ ನೀನು ಹೊರಡಲೇಬೇಕು ಎಂಬ ಅರ್ಥದ್ದು. 1971ರಲ್ಲಿ ಬ್ರಿಟನ್ನಿನ ರಾಕ್ ತಂಡ ರೋಲಿಂಗ್ ಸ್ಟೋನ್ಸ್ ಅದನ್ನು ಮೆಕ್‌ಡೊವೆಲ್‌ನ ಧಾಟಿಯಲ್ಲೇ ಹಾಡಿ ತಮ್ಮ ಆಲ್ಬಮ್ಮಿನಲ್ಲಿ ಹಾಕಿದರು. ಲಕ್ಷಗಟ್ಟಲೆ ಮಾರಾಟವಾಗುವ ಆಲ್ಬಮ್. ಹಾಡು ಎಲ್ಲರದು, ಹಳೆಯದು, ಸಾಹಿತ್ಯ ಜಾನಪದ ಅಂತ ಕೈತೊಳೆದುಕೊಳ್ಳಲು ಇದಕ್ಕಿಂತ ಒಳ್ಳೆಯ ಅವಕಾಶ ಬೇಕೆ? ಕ್ರಿಸ್ ಬಿಡಲಿಲ್ಲ. ಪ್ರಕಾಶಕನಾಗಿ ಕೂತು ಪಟ್ಟು ಹಿಡಿದ. ಹಾಡು ಹಳೆಯದಿರಬಹುದು, ನೀವು ಹಾಡಿರುವ ರೂಪ ಈ ಮನುಷ್ಯನದು ಎಂಬುದು ಅವನ ವಾದ. ಹಣ ಬಂತು. 1972ರ ಜುಲೈಯಲ್ಲಿ ಮೆಕ್‌ಡೊವೆಲ್ ಕ್ಯಾನ್ಸರಿನಿಂದ ತೀರಿಕೊಂಡ. ಅದಕ್ಕೂ ಮುಂಚೆ, ಅವನು ಜೀವಮಾನದಲ್ಲಿ ಕಂಡಿರದಷ್ಟು ದೊಡ್ಡ ಚೆಕ್ಕನ್ನು ಅವನ ಕೈಗೆ ಕೊಡುವುದು ತನ್ನಿಂದ ಸಾಧ್ಯವಾಯಿತು ಅಂತ ಕ್ರಿಸ್ ಮುದುಕನಾದ ಮೇಲೂ ಹೇಳಿಕೊಳ್ಳುತ್ತಿದ್ದ. ಪ್ರಕಾಶಕನ ಪಾಲು ಬಂದದ್ದೂ ಅದೇ ಹಾದಿಯಲ್ಲಿ, ನಿಜ. ಆದರೆ ಹಕ್ಕಿನ ಕಾಗದ ಯಾರ ಹತ್ತಿರವೂ ಇಲ್ಲದಿದ್ದರೆ ಆ ಚೆಕ್ಕೂ ಇರುತ್ತಿರಲಿಲ್ಲ. ಮುಖ ಸಿಂಡರಿಸಿದ್ದನ್ನು ವಾಪಸ್ ತೆಗೆದುಕೊಂಡೆ, ಪೂರ್ತಿಯಲ್ಲ, ಮುಕ್ಕಾಲು ಪಾಲು.

ನನ್ನ ಕಣ್ಣೆದುರು ನಡೆದ ಒಂದು ಸಂಗತಿ ಹೇಳದೆ ಮುಂದೆ ಹೋಗಲಾರೆ. 1996 ಇರಬೇಕು. ಹಳದಿ ರುಮಾಲಿನ ಮುದುಕನೊಬ್ಬ ಅಂಗಡಿಗೆ ಬಂದ. ಹಂತಿ ಪದದ ಕ್ಯಾಸೆಟ್ಟು ಬಂದೈತೇನ್ರೀ ಅಂತ ಕೇಳಿದ. ಬಂದಿತ್ತು. ಯಾವುದೋ ಒಂದು ಕಂಪನಿ ಆ ವರ್ಷ ಹೊರತಂದದ್ದು.

“ಒಂದೀಟು ಹಚ್ಚಿ ತೋರಸ್ರಿ.”

ಮಾಮಾ ಹಚ್ಚಿದ. ಮುದುಕ ಕಟ್ಟೆಗೆ ಕೈಯೂರಿ, ಕಿವಿ ಸ್ಪೀಕರಿನ ಹತ್ತಿರ ತಂದು ಕೇಳಿದ. ಬಾಯಿ ತನ್ನಷ್ಟಕ್ಕೆ ಆಡತೊಡಗಿತು, ಕ್ಯಾಸೆಟ್ಟಿನ ದನಿಗಿಂತ ಅರ್ಧ ಮಾತ್ರೆ ಮುಂದೆ.

“ಇದು ನನ್ನ ದನೀನ ರೀ” ಅಂದ. ಆಮೇಲೆ ನನ್ನ ಕಡೆ ತಿರುಗಿ, “ನನಗ ಓದಾಕ ಬರೂದಿಲ್ಲ ತಮ್ಮಾ, ನನ್ನ ಹೆಸರು ಎಲ್ಲೈತಿ ತೋರಸು.”

ಕಾರ್ಡು ಬಿಡಿಸಿದೆ. ಗಾಯನ ಅಂತಿದ್ದ ಕಡೆ ಒಂದು ಊರಿನ ಹೆಸರು, ಮುಂದೆ ‘ಹಂತಿ ಮೇಳ’. ಅದರ ಕೆಳಗೆ ನಮ್ಮ ಕವಿ. ಅದನ್ನೂ ಓದಿದೆ.

“ಜಾನಪದ ಅಂದ್ರ ಅಂವ ಯಾರಪಾ?”

ಮಾಮಾ ಈ ಸಲ ನಗಲಿಲ್ಲ. ಟೇಪು ಮಾಡಿಕೊಂಡವರು ಎಂಟು ಮಂದಿಗೆ ಬಸ್ ಚಾರ್ಜು ಕೊಟ್ಟು ಒಂದು ಊಟ ಹಾಕಿಸಿದ್ದರಂತೆ. ಮುದುಕ ಅದನ್ನು ದೂರಿನ ಹಾಗೆ ಹೇಳಲಿಲ್ಲ, ಊಟ ಚೆನ್ನಾಗಿತ್ತು ಅಂದ. ಕ್ಯಾಸೆಟ್ಟಿಗೆ ಎಷ್ಟು ಅಂತ ಕೇಳಿದ. ಮಾಮಾ ಪುಕ್ಕಟೆ ಕೊಡುತ್ತಾನೆ ಅಂದುಕೊಂಡೆ. ಕೊಡಲಿಲ್ಲ, ಅರ್ಧಕ್ಕೆ ಕೊಟ್ಟ.

ಕ್ರಿಸ್ ವಿಷಯಕ್ಕೆ ಬಂದರೆ, ಆತ ಸಂತನಲ್ಲ. ತನಗೆ ಸೇರದ ಸಂಗೀತಕ್ಕೆಲ್ಲ ಒಂದೇ ಹೆಸರು ಇಟ್ಟಿದ್ದ: ‘ಇಲಿ ಸಂಗೀತ’, ಮಿಕ್ಕಿ ಮೌಸ್‌ನಿಂದ ಬಂದದ್ದು. ನುಣುಪಾದದ್ದು, ಸ್ಟುಡಿಯೊದಲ್ಲಿ ತಿದ್ದಿದ್ದು, ಎಲ್ಲ ಇಲಿಯೇ. ಹಾಡುವವರಿಗೆ ತಮ್ಮದೇ ಆಸೆಗಳಿರುತ್ತವೆ ಎಂಬುದು ಅವನಿಗೆ ಎಷ್ಟೋ ಸಲ ತಲೆನೋವು. ಲೂಸಿಯಾನಾದ ಅಕಾರ್ಡಿಯನ್ ವಾದಕ ಕ್ಲಿಫ್ಟನ್ ಶೆನಿಯೆಯನ್ನು ಪರಿಚಯಿಸಿದ್ದು ಹಾಪ್ಕಿನ್ಸೇ, 1964ರಲ್ಲಿ, ಹ್ಯೂಸ್ಟನ್ನಿನಲ್ಲಿ. ಶೆನಿಯೆಗೆ ರಾಕ್ ಅಂಡ್ ರೋಲ್ ಮಾಡಿ ಹೆಸರು ಮಾಡಬೇಕು. ಕ್ರಿಸ್‌ಗೆ ಅವನ ಮನೆಭಾಷೆಯಾದ ಫ್ರೆಂಚಿನ ಹಾಡೇ ಬೇಕು. ಜಗ್ಗಾಡಿ ಕೊನೆಗೆ ಅರ್ಧ ಅದು, ಅರ್ಧ ಇದು ಅಂತ ರಾಜಿಯಾಯಿತು. ಜನ ಮುಗಿಬಿದ್ದದ್ದು ಫ್ರೆಂಚ್ ಹಾಡಿಗೆ, ಆ ಬಗೆಯ ಸಂಗೀತದ ‘ಜೈಡೆಕೊ’ ಎಂಬ ಹೆಸರು ಊರೂರಿಗೆ ಹಬ್ಬಿತು. ಕ್ರಿಸ್ ಗೆದ್ದ ಅಂತ ಹೇಳಬಹುದು. ಆದರೆ ಆ ಹಟವನ್ನು ಹಾಡುವವನು ಮಾಡಿದ್ದರೆ ನನಗೆ ಇನ್ನೂ ಖುಷಿಯಾಗುತ್ತಿತ್ತು. ನಮ್ಮಲ್ಲೂ ನಗರದಿಂದ ಹೋದವರು ಹಳ್ಳಿಯ ಹಾಡುಗಾರನಿಗೆ, ಸಿನಿಮಾ ಧಾಟಿ ಬೇಡ ನಿಮ್ಮದೇ ಹಾಡಿ ಅನ್ನುವುದನ್ನು ಕೇಳಿದ್ದೇನೆ. ಅವನಿಗೆ ಆ ಸಿನಿಮಾ ಧಾಟಿಯೂ ತನ್ನದೇ. ಶೆನಿಯೆಗೆ 1984ರಲ್ಲಿ ಗ್ರ್ಯಾಮಿ ಬಂದದ್ದು ಅರ್ಹೂಲಿಯ ತಟ್ಟೆಗಲ್ಲ, ಷಿಕಾಗೋದ ಅಲಿಗೇಟರ್ ಎಂಬ ಇನ್ನೊಂದು ಬ್ಲೂಸ್ ಕಂಪನಿ ಹೊರತಂದ ತಟ್ಟೆಗೆ.

ಹೆಸರಿನ ವಿಷಯದಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಸಂಗತಿ ಬೇರೆಯೇ ಇದೆ. ಟಾಮ್ ಮೂರ್ ಎಂಬ ಆ ಜಮೀನ್ದಾರನ ಮೇಲಿನ ಹಾಡನ್ನು ಮ್ಯಾನ್ಸ್ ಲಿಪ್ಸ್‌ಕಂ 1960ರ ಆ ಮೊದಲ ಸಲವೇ ಹಾಡಿದ್ದ. ಅದು ಅವನ ಮೊದಲ ಎಲ್‌ಪಿಯಲ್ಲಿ ಬರಲಿಲ್ಲ. ಆಮೇಲೆ ಅರ್ಹೂಲಿಯ ಬೇರೊಂದು ಸಂಕಲನದಲ್ಲಿ ಬಂದಾಗ ಹಾಡಿದವನ ಹೆಸರಿನ ಜಾಗದಲ್ಲಿ ‘ಅನಾಮಿಕ’ ಅಂತಿತ್ತು. ಕಾರಣ ಊಹಿಸಲು ಕಷ್ಟವಿಲ್ಲ. ಅವನು ಅದೇ ಸೀಮೆಯಲ್ಲಿ ಬಾಳಬೇಕಿತ್ತು, ಧಣಿಯೂ ಅಲ್ಲೇ ಇದ್ದ. ಪ್ರತಿಯೊಂದು ಹಾಡಿಗೂ ಹೆಸರು ಬರೆದ ಕಂಪನಿ ಒಂದು ಹಾಡಿಗೆ ಬೇಕೆಂದೇ ಬರೆಯಲಿಲ್ಲ. ಆ ಖಾಲಿ ಜಾಗವೂ ನಮ್ಮ ಕ್ಯಾಸೆಟ್ಟಿನ ಖಾಲಿ ಜಾಗವೂ ನೋಡಲು ಒಂದೇ ಥರ. ಅಲ್ಲಿ ಹೆಸರು ಗೊತ್ತಿದ್ದು ಮುಚ್ಚಿಟ್ಟರು, ನಮ್ಮಲ್ಲಿ ಕೇಳಲೇ ಇಲ್ಲ.

ಉಳಿದದ್ದು ಬೇಗ ಹೇಳುತ್ತೇನೆ. ಮೆಕ್ಸಿಕನ್ ಗಡಿಸೀಮೆಯ ಹಳೆಯ ತಟ್ಟೆಗಳನ್ನು ಕ್ರಿಸ್ ಹುಚ್ಚನ ಹಾಗೆ ಕೂಡಿಹಾಕಿದ. ಒಂದು ಲಕ್ಷಕ್ಕೂ ಮಿಕ್ಕಿದ ಆ ಧ್ವನಿಮುದ್ರಣಗಳ ಭಂಡಾರ ಇವತ್ತು ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯದ ಮೂಲಕ ಡಿಜಿಟಲ್ ಆಗಿ ಸಿಗುತ್ತದೆ. 2016ರಲ್ಲಿ ಅರ್ಹೂಲಿಯ 350ಕ್ಕೂ ಹೆಚ್ಚು ಆಲ್ಬಮ್ಮುಗಳು ಅಮೆರಿಕದ ರಾಷ್ಟ್ರೀಯ ವಸ್ತುಸಂಗ್ರಹಾಲಯ ಸಂಸ್ಥೆಯದೇ ರೆಕಾರ್ಡ್ ಕಂಪನಿಯಾದ ಸ್ಮಿತ್‌ಸೋನಿಯನ್ ಫೋಕ್‌ವೇಸ್ ಕೈ ಸೇರಿದವು. ಅಲ್ಲಿಗೆ ಹೋದ ತಟ್ಟೆ ಮಾರುಕಟ್ಟೆಯಿಂದ ಮಾಯವಾಗುವುದಿಲ್ಲ. 2023ರ ಮೇ 5ರಂದು ಕ್ರಿಸ್ ತೀರಿಕೊಂಡ, ತೊಂಬತ್ತೊಂದು ವಯಸ್ಸು. ಆ ಹೊತ್ತಿಗೆ ನಾನು ಊರಿಗೆ ಮರಳಿ ವರ್ಷಗಳಾಗಿದ್ದವು. ಮೂರು ವರ್ಷ ನಡೆದು ಹೋಗುವಷ್ಟು ದೂರದಲ್ಲಿದ್ದೂ ಒಂದು ದಿನವೂ ಆತನನ್ನು ಮಾತಾಡಿಸಲಿಲ್ಲ.

ಮಾಮಾನ ಅಂಗಡಿಯಲ್ಲಿ ಈಗ ಮೊಬೈಲ್ ರಿಪೇರಿ ನಡೆಯುತ್ತದೆ, ನಡೆಸುವವರು ಬೇರೆ. ಕ್ಯಾಸೆಟ್ಟುಗಳು ಮನೆಯ ಅಟ್ಟದ ಮೇಲೆ ಎರಡು ಟ್ರಂಕಿನಲ್ಲಿವೆ. ಹೋದ ತಿಂಗಳು ಇದನ್ನು ಬರೆಯಲು ಕೂತಾಗ ಫೋನ್ ಮಾಡಿದೆ. ಹಂತಿ ಪದದ ಮುದುಕ ನೆನಪಿದ್ದಾನಾ ಅಂತ ಕೇಳಿದೆ.

“ಹಳದಿ ರುಮಾಲಿನಾಂವಲ್ಲ? ಇಲ್ಲೇನು, ಚಲೋ ನೆನಪೈತಿ. ಮಂಗಳವಾರ ಸಂತಿ ದಿನ ಬಂದಿದ್ದ. ಹದಿನೈದು ರೂಪಾಯಿ ತಗೊಂಡೆ ಅವನ ಕಡೆ, ಒಂದು ಹತ್ತರ ನೋಟು, ಐದು ಚಿಲ್ಲರೆ.”

“ಹೆಸರೇನು ಮಾಮಾ ಅವನದು?”

ಆ ಕಡೆ ಟಿವಿಯ ಸದ್ದು ಕಡಿಮೆಯಾಯಿತು.

“ಹೆಸರು ಕೇಳಿದ್ವೇನೋ ಅಳಿಯಾ ನಾವು?”